ಎಡಚನಿಗಾದ ಅನ್ಯಾಯ

ಈ ಲೋಕದಲ್ಲಿ ಎಡಚರಿಗೆ ನ್ಯಾಯ ಸಿಕ್ಕುವುದಿಲ್ಲ ಎಂಬುದು ಕನ್ನಡಕದಂಗಡಿ ಯಜಮಾನರ ಅಚಲವಾದ ನಂಬಿಕೆ. ಅವರೂ ಎಡಚರೇ. ಕತ್ತರಿ ಬಲಗೈಯವರಿಗೆ, ಬಾಗಿಲ ಹಿಡಿ ಬಲಗೈಯವರಿಗೆ, ಶಾಲೆಯ ಬೆಂಚೂ ಬಲಗೈಯವರಿಗೆ. ಎಡಚರ ಪಾಲಿಗೆ ಉಳಿದದ್ದು ಮೇಷ್ಟರ ಬೆತ್ತವೊಂದೇ. ಇಷ್ಟನ್ನೆಲ್ಲ ಅವರು ಹೇಗೋ ನುಂಗಿಕೊಂಡಿದ್ದರು. ನುಂಗಲಾಗದೆ ಗಂಟಲಲ್ಲಿ ನಿಂತದ್ದು ಒಂದು ಬಾಕ್ಸಿಂಗ್ ಪಂದ್ಯದ ತೀರ್ಪು.

ಪಂದ್ಯ ಹಳೆಯದು, ಯಜಮಾನರು ಹುಟ್ಟುವುದಕ್ಕೂ ಹಿಂದಿನದು. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಸಿ.ಡಿ.ಯೊಂದರಲ್ಲಿ ಅದರ ಕಪ್ಪು ಬಿಳುಪು ಚಿತ್ರವಿತ್ತು. ವಿಶ್ವಪಟ್ಟಕ್ಕಾಗಿ ಹದಿನೈದು ಸುತ್ತಿನ ಕಾದಾಟ. ಒಬ್ಬನದು ಬಿಳಿ ಚಡ್ಡಿ, ಇನ್ನೊಬ್ಬನದು ಕರಿ ಚಡ್ಡಿ. ಬಿಳಿ ಚಡ್ಡಿಯವನು ಎಡಚ. ಯಾರೂ ನೆಲ ಕಚ್ಚಲಿಲ್ಲವಾಗಿ ಮೂವರು ತೀರ್ಪುಗಾರರ ಅಂಕ ನೋಡಬೇಕಾಯಿತು. ಇಬ್ಬರು ಕರಿ ಚಡ್ಡಿಯ ಕಡೆ, ಒಬ್ಬ ಬಿಳಿ ಚಡ್ಡಿಯ ಕಡೆ. ಪಟ್ಟ ಕರಿ ಚಡ್ಡಿಯ ಸೊಂಟಕ್ಕೆ ಹೋಯಿತು. ಆ ಇಬ್ಬರು ತೀರ್ಪುಗಾರರನ್ನು (ಈ ವೇಳೆಗೆ ಇಬ್ಬರೂ ಸ್ವರ್ಗಸ್ಥರಾಗಿರಲೇಬೇಕು) ಯಜಮಾನರು ಇನ್ನೂ ಕ್ಷಮಿಸಿರಲಿಲ್ಲ.

ಅವರಿಗೆ ತಕ್ಕ ಎದುರಾಳಿ ಹೆಂಡತಿಯ ತಮ್ಮ. ಎರಡು ಬೀದಿಯಾಚೆ ರಬ್ಬರ್ ಮೊಹರು ಮಾಡುವ ಅಂಗಡಿ ಅವನದು. ಬಲಗೈಯವನು, ಅದೂ ಹೆಮ್ಮೆಯಿಂದ. ಎಷ್ಟೋ ವರ್ಷಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಭಾವ-ಭಾವಮೈದ ಇಬ್ಬರೂ ಟಿ.ವಿ. ಮುಂದೆ ಕೂತು ಅದೇ ಪಂದ್ಯಕ್ಕೆ ಹೊಸದಾಗಿ ಅಂಕ ಹಾಕುತ್ತಿದ್ದರು. ಸುತ್ತು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತು. ಟಿ.ವಿ.ಯ ಧ್ವನಿಯನ್ನು ಪೂರ್ತಿ ಇಳಿಸಿಬಿಡುವುದು ಯಜಮಾನರ ಕಟ್ಟುನಿಟ್ಟಿನ ನಿಯಮ. ವಿವರಣೆ ಹೇಳುವವನ ಮಾತು ಕಿವಿಗೆ ಬಿದ್ದರೆ ನಿಷ್ಪಕ್ಷಪಾತಕ್ಕೆ ಭಂಗ ಬರುತ್ತದಂತೆ. ಇಷ್ಟು ನಿಷ್ಪಕ್ಷಪಾತದಿಂದ ನೋಡಿಯೂ ಪ್ರತಿ ಸಲ ಯಜಮಾನರ ಲೆಕ್ಕದಲ್ಲಿ ಎಡಚನೇ ಗೆಲ್ಲುತ್ತಿದ್ದ, ಭಾವಮೈದನ ಲೆಕ್ಕದಲ್ಲಿ ಸೋಲುತ್ತಿದ್ದ. ತಾವು ಹಿಡಿದ ಮೊಲಕ್ಕೆ ಇಬ್ಬರೂ ಮೂರೇ ಕಾಲು ಎಣಿಸುತ್ತಿದ್ದರು.

ಒಂದು ಭಾನುವಾರ ಹದಿಮೂರನೆಯ ಸುತ್ತಿನ ಬಳಿ ಮಾತು ಹದ್ದು ಮೀರಿತು. ಆ ಸುತ್ತಿನಲ್ಲಿ ಕರಿ ಚಡ್ಡಿ ನುಗ್ಗಿ ನುಗ್ಗಿ ಬರುತ್ತಾನೆ, ಬಿಳಿ ಚಡ್ಡಿ ಹಿಂದೆ ಸರಿಯುತ್ತ ಚಿಕ್ಕ ಚಿಕ್ಕ ಏಟು ಕೊಡುತ್ತಾನೆ. ನುಗ್ಗಿದವನಿಗೆಲ್ಲ ಅಂಕ ಕೊಡೋದಾದರೆ ಬಸ್ ಹತ್ತೋರೆಲ್ಲ ಚಾಂಪಿಯನ್ನರೇ ಎಂದು ಯಜಮಾನರು ಹಂಗಿಸಿದರು. ಎಡಚರು ಗುದ್ದೋದು ಗೋಡೆಗೆ ಸುಣ್ಣ ಬಳಿದ ಹಾಗಿರುತ್ತೆ, ಅದಕ್ಕೆ ಯಾರು ಅಂಕ ಕೊಡ್ತಾರೆ ಎಂದು ಭಾವಮೈದ ಕೇಳಿದ. ಆಗ ಯಜಮಾನರ ಬಾಯಿಂದ ಆಡಬಾರದ ಮಾತು ಬಂತು.

"ನಿನ್ನ ತಲೇನೂ ನಿನ್ನ ಮೊಹರಿನ ಹಾಗೇ ಕಣಯ್ಯ. ಒಂದು ಸಲ ಏನು ಕೆತ್ತಿದೆಯೋ ಸಾಯೋವರೆಗೂ ಅದನ್ನೇ ಒತ್ತೋದು."

ಭಾವಮೈದ ಚಪ್ಪಲಿ ಮೆಟ್ಟಿ ಹೊರಟುಹೋದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಅವನ ತಾಯಿ ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಯಲ್ಲೇ ಸುಧಾರಿಸಿಕೊಳ್ಳುತ್ತಿದ್ದರೂ ಹೊಸ್ತಿಲು ತುಳಿಯದೆ, ರಸ್ತೆಯಲ್ಲಿ ನಿಂತು ಕಿಟಕಿಯಿಂದಲೇ ಯೋಗಕ್ಷೇಮ ವಿಚಾರಿಸಿ ಹೋಗುತ್ತಿದ್ದ. ಯಜಮಾನರು ಒಬ್ಬರೇ ಕೂತು ಪಂದ್ಯ ಹಾಕಿಕೊಂಡರು. ಹದಿನೈದಕ್ಕೆ ಹದಿನೈದು ಸುತ್ತೂ ಎಡಚನಿಗೇ ಕೊಟ್ಟುಕೊಂಡರು, ಅಡ್ಡಿ ಹೇಳುವವರೇ ಇರಲಿಲ್ಲ. ಆದರೂ ರುಚಿಯೇ ಹತ್ತಲಿಲ್ಲ. ಆ ಮೊಂಡನಿಲ್ಲದೆ ಭಾನುವಾರ ಖಾಲಿ ಖಾಲಿ ಎನ್ನಿಸಿ ಅವರಿಗೆ ನಿಜವಾಗಿಯೂ ಬೇಸರವಾಯಿತು. ಹಾಗೆಂದು ತಾವಾಗಿ ಹೋಗಿ ಕರೆಯುವುದು ಎಡಚ ಕುಲಕ್ಕೇ ಅವಮಾನ.

ಕೊನೆಗೆ ಹೆಂಡತಿ ದಾರಿ ಹುಡುಕಿದಳು.

"ಅಮ್ಮನಿಗೆ ಅವನು ಮಗ, ನೀವು ಅಳಿಯ. ಇಬ್ಬರೂ ಒಂದೇ. ಅಮ್ಮನೇ ಅಂಕ ಹಾಕಲಿ. ಸೋತೋರು ಎಲ್ಲರ ಮುಂದೆ 'ನಾನು ಸೋತೆ' ಅನ್ನಬೇಕು. ಅಲ್ಲಿಗೆ ಈ ಗುದ್ದಾಟ ಮುಗೀಬೇಕು."

ಯಜಮಾನರು ಒಂದು ಕ್ಷಣ ಬೆವೆತರು. ಆ ಎರಡು ಪದಗಳನ್ನು ಅವರು ಮದುವೆಯಾದಾಗಿನಿಂದ ಜೋಡಿಸಿ ಉಚ್ಚರಿಸಿದವರಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವರದು. ಆದರೆ ನ್ಯಾಯ ತಮ್ಮ ಕಡೆಗಿದೆಯೆಂಬ ಧೈರ್ಯವಿತ್ತು. ಅದಕ್ಕಿಂತ ಹೆಚ್ಚಾಗಿ, ಭಾವಮೈದ ಮತ್ತೆ ಮನೆಯೊಳಕ್ಕೆ ಬಂದರೆ ಸಾಕಾಗಿತ್ತು. ಒಪ್ಪಿದರು.

ಆ ಭಾನುವಾರ ಭಾವಮೈದ ಬಂದು ಸೋಫಾದ ಆ ತುದಿಯಲ್ಲಿ ಕೂತ. ಯಜಮಾನರು ಈ ತುದಿಯಲ್ಲಿ. ನಡುವೆ ಬೆತ್ತದ ಕುರ್ಚಿಯಲ್ಲಿ ಅತ್ತೆ, ಮೂಗಿನ ಮೇಲೆ ಅಳಿಯ ತಾನೇ ಪರೀಕ್ಷೆ ಮಾಡಿ ಕೊಟ್ಟ ಹೊಚ್ಚ ಹೊಸ ಕನ್ನಡಕ. ಮಡಿಲಲ್ಲಿ ಹಸಿ ಬಟಾಣಿ. ಸುತ್ತು ಗೆದ್ದವನ ಬಟ್ಟಲಿಗೆ ಒಂದೊಂದು ಕಾಳು ಹಾಕುವುದೆಂದು ಗೊತ್ತಾಗಿತ್ತು. ಎರಡು ಸುತ್ತು ಗಂಭೀರವಾಗಿ ನಡೆಯಿತು. ಮೂರನೆಯದರಲ್ಲಿ ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

"ಅಳಿಯಂದಿರೇ, ಬೇಜಾರು ಮಾಡ್ಕೋಬೇಡಿ. ಈ ಕನ್ನಡಕ ಸರಿ ಇಲ್ಲ. ಆ ಹಿಂದಿನ ಬೋರ್ಡಿನ ಅಕ್ಷರ ಎಲ್ಲ ತಿರುಗಾಮುರುಗಾ ಕಾಣ್ತಿದೆ."

ಯಜಮಾನರಿಗೆ ಎದೆಗೇ ಗುದ್ದು ಬಿದ್ದಂತಾಯಿತು. ಪಂದ್ಯ ನಿಲ್ಲಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಾಲಗೆಯ ತುದಿಗೆ ಬಂದದ್ದನ್ನು (ಅತ್ತೆಯಲ್ಲವೇ) ತಡೆದು, ಅಂದಿನ ಪತ್ರಿಕೆ ತಂದು ಕೈಗಿತ್ತರು. ಅತ್ತೆ ಮುಖಪುಟವನ್ನು ಗಡಗಡನೆ ಓದಿ, ಪುಟ ತಿರುವಿ, ಸಣ್ಣಕ್ಷರದ ಬಾಡಿಗೆ ಮನೆಯ ಜಾಹೀರಾತನ್ನೂ ಓದಿದರು. ಟಿ.ವಿ. ಕಡೆ ನೋಡಿದರೆ ಮತ್ತೆ ತಿರುಗಾಮುರುಗಾ. ಯಜಮಾನರು ಹತ್ತಿರ ಹೋಗಿ ನೋಡಿದರು. ರಿಂಗಿನ ಹಿಂದೆ ಯಾವುದೋ ಬೇಕರಿಯ ಬೋರ್ಡು. ಅಕ್ಷರ ಅವರಿಗೆ ಸ್ಪಷ್ಟವಾಗಿಯೇ ಇತ್ತು. ಜಗಳವಾದ ಮೇಲೆ ಮೊದಲ ಸಲ ಭಾವಮೈದ ಅವರ ಪರವಾಗಿ ಬಾಯಿಬಿಟ್ಟ. ತನಗೂ ಸರಿಯಾಗಿಯೇ ಕಾಣುತ್ತಿದೆ, ಅಮ್ಮನಿಗೆ ಇನ್ನೂ ಕಣ್ಣು ನಿಂತಿಲ್ಲ ಎಂದ.

ಈ ಪಂದ್ಯವಿದ್ದಾಗ ಎಂದೂ ಟಿ.ವಿ. ಕಡೆ ತಲೆ ಹಾಕದ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಅಮ್ಮ ಹೇಳಿದ್ದೇ ಸರಿ. ಅಕ್ಷರ ಉಲ್ಟಾ ಇದೆ."

ಇಲ್ಲಿ ಒಂದು ಮಾತು ಹೇಳಬೇಕು. ಯಜಮಾನರ ಅಂಗಡಿ ಬಹಳ ಕಿರಿದು. ಕಣ್ಣು ಪರೀಕ್ಷೆಗೆ ಬೇಕಾದಷ್ಟು ದೂರ ಸಿಕ್ಕದ ಕಾರಣ ಅಕ್ಷರದ ಪಟವನ್ನು ತಿರುವಿ ಬರೆಸಿ ಗಿರಾಕಿಯ ತಲೆಯ ಹಿಂದೆ ತೂಗುಹಾಕಿದ್ದರು. ಗಿರಾಕಿ ಅದನ್ನು ಎದುರಿನ ಕನ್ನಡಿಯಲ್ಲಿ ನೋಡಿ ಓದಬೇಕು. ಗಿರಾಕಿಗೆ ಎದುರಾಗಿ ನಿಲ್ಲುವ ಯಜಮಾನರು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಆ ತಿರುವಿದ ಅಕ್ಷರವನ್ನೇ ಓದಿ ಓದಿ, ಈಗ ಅವರ ಕಣ್ಣಿಗೆ ಎರಡೂ ಒಂದೇ ಆಗಿತ್ತು. ಭಾವಮೈದನೋ, ಮೊಹರಿಗೆ ಅಕ್ಷರ ತಿರುವಿ ಕೆತ್ತುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು. ಊರಿಗೆಲ್ಲ ಉಲ್ಟಾ ಅಕ್ಷರವನ್ನು ಸಲೀಸಾಗಿ ಓದಬಲ್ಲವರು ಇವರಿಬ್ಬರೇ, ಇಷ್ಟು ವರ್ಷ ಕೂತು ಆ ಚಿತ್ರ ನೋಡಿದವರೂ ಇವರಿಬ್ಬರೇ. ಸಿ.ಡಿ. ಮಾಡುವಾಗ ಯಾರೋ ಪುಣ್ಯಾತ್ಮ ಚಿತ್ರವನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿಹಾಕಿದ್ದ.

ಅಕ್ಷರ ಮಗುಚಿದ್ದರೆ ಕೈಯೂ ಮಗುಚಿರಬೇಕಲ್ಲ ಎಂಬುದು ಯಜಮಾನರ ತಲೆಗೆ ನಿಧಾನವಾಗಿ ಇಳಿಯಿತು. ಅಷ್ಟರಲ್ಲಿ ಹೆಂಡತಿ ಟಿ.ವಿ.ಯ ಧ್ವನಿ ಏರಿಸಿಬಿಟ್ಟಿದ್ದಳು. ಕರಿ ಚಡ್ಡಿಯ ಎಡಚ ಮತ್ತೆ ಮುಂದೆ ನುಗ್ಗುತ್ತಿದ್ದಾನೆ ಎಂದು ವಿವರಣೆಯವನು ಒಂದೇ ಸಮನೆ ಕೂಗುತ್ತಿದ್ದ. ಅಂದರೆ ಪಟ್ಟ ಸಿಕ್ಕಿದ್ದು ಎಡಚನಿಗೇ. ಇಷ್ಟು ವರ್ಷ ಯಜಮಾನರು ಹೊಟ್ಟೆ ಉರಿಸಿಕೊಂಡದ್ದು ಒಬ್ಬ ಬಲಗೈಯವನಿಗಾಗಿ.

ಮೊದಲು ಚೇತರಿಸಿಕೊಂಡವರು ಅವರೇ. ಎಡಚ ಗೆದ್ದ ಎಂದು ತಾವು ಮೊದಲಿನಿಂದ ಹೇಳುತ್ತಿದ್ದೆವು, ಈಗ ಎಡಚನೇ ಗೆದ್ದಿದ್ದಾನೆ, ಆದ್ದರಿಂದ ಗೆಲುವು ತಮ್ಮದು ಎಂದರು. ಕರಿ ಚಡ್ಡಿ ಗೆದ್ದ ಎಂದು ತಾನು ಹೇಳುತ್ತಿದ್ದೆ, ಕರಿ ಚಡ್ಡಿಯೇ ಗೆದ್ದಿದ್ದಾನೆ, ಗೆಲುವು ತನ್ನದು ಎಂದು ಭಾವಮೈದ. ತೀರ್ಮಾನಕ್ಕೆ ಹದಿಮೂರನೆಯ ಸುತ್ತನ್ನು ನೆಟ್ಟಗೆ ಮಾಡಿ ನೋಡಲೇಬೇಕಾಯಿತು. ಇಬ್ಬರೂ ಸೇರಿ ಮಲಗುವ ಕೋಣೆಯ ದೊಡ್ಡ ಕನ್ನಡಿ ಇಳಿಸಿ ತಂದು, ಟಿ.ವಿ.ಗೆ ಬೆನ್ನು ಹಾಕಿ ಕೂತು, ಆ ತುದಿ ಅವನೂ ಈ ತುದಿ ಇವರೂ ಹಿಡಿದು ನೋಡಿದರು.

ಕನ್ನಡಿಯೊಳಗೆ ಕರಿ ಚಡ್ಡಿಯ ಎಡಚ ನುಗ್ಗುತ್ತಿದ್ದ. ಏನು ಎದೆಗಾರಿಕೆ ಎನ್ನಿಸಿತು ಯಜಮಾನರಿಗೆ. ಆದರೆ ಭಾವಮೈದನಿಗೆ ಹಿಂದೆ ಸರಿಯುವ ಬಿಳಿ ಚಡ್ಡಿಯ ಚಿಕ್ಕ ಏಟುಗಳಲ್ಲಿ ಎಂದೂ ಕಾಣದ ಸೊಗಸು ಕಾಣತೊಡಗಿತು. ಇದು ಹಗಲು ದರೋಡೆ, ಬಲಗೈಯವನಿಗೆ ಮೋಸವಾಗಿದೆ ಎಂದ.

"ನುಗ್ಗಿದವನಿಗೆ ಅಂಕ ಕೊಡದೆ ಓಡಿದವನಿಗೆ ಕೊಡ್ತಾರೇನಯ್ಯ?" ಎಂದರು ಯಜಮಾನರು.

ಅಂದದ್ದು ಅವರ ಕಿವಿಗೇ ಬಿತ್ತು. ಕನ್ನಡಿಯಲ್ಲಿ ನೋಡಿದರೆ ಭಾವಮೈದ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ, ಅವನ ಪಕ್ಕದಲ್ಲಿ ತಮ್ಮ ಮುಖ ಪೆಚ್ಚಾಗಿತ್ತು. ಇಬ್ಬರೂ ಒಟ್ಟಿಗೆ ನಕ್ಕರು. ಕನ್ನಡಿ ಅಲ್ಲಾಡಿ ಬೀಳುವುದರಲ್ಲಿತ್ತು. ಇವನು ಮನೆಗೆ ಬಂದನಲ್ಲ, ಅಷ್ಟು ಸಾಕು ಎಂದು ಯಜಮಾನರಿಗೆ ಮನಸ್ಸು ತುಂಬಿ ಬಂತು.

"ಆಯ್ತು ಕಣಯ್ಯ. ನಾನು ಸೋತೆ."

ಅತ್ತೆ ಎರಡೂ ಬಟ್ಟಲಿನ ಬಟಾಣಿಯನ್ನು ಒಂದೇ ಪಾತ್ರೆಗೆ ಸುರಿದರು. ಹೆಂಡತಿ ಮಾತ್ರ ಗಂಡನನ್ನೇ ದಿಟ್ಟಿಸಿ ನೋಡಿ, ಒಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ಬಾಯಿಗೆ ಈಗ ರೂಢಿ ಆಯ್ತಲ್ಲ," ಎಂದಳು ಮೃದುವಾಗಿ. "ಹಾಗಾದ್ರೆ ಅಡುಗೆಮನೆ ಕಪಾಟಿಂದ ಶುರು ಮಾಡೋಣ. ಕಪಾಟು ವಾಲಿದೆ ಅಂತ ನಾನು, ಗೋಡೆ ವಾಲಿದೆ ಅಂತ ನೀವು. ಆಮೇಲೆ ನಿಮ್ಮ ತಂಗಿ ಮದುವೆಗೆ ರೈಲು ತಪ್ಪಿದ್ದು ಯಾರಿಂದ ಅನ್ನೋದು."

ಯಜಮಾನರು ಆಸರೆಗಾಗಿ ಭಾವಮೈದನ ಕಡೆ ತಿರುಗಿದರು. ಅವನು ಆಗಲೇ ಟಿ.ವಿ. ಆರಿಸಿ, ತಾಯಿಯ ಪಕ್ಕಕ್ಕೆ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ನೀನು ಶುರು ಮಾಡಕ್ಕ. ನಾನೂ ಅಮ್ಮನೂ ಅಂಕ ಹಾಕ್ತೀವಿ."

ಯಜಮಾನರು ಆ ಮಧ್ಯಾಹ್ನ ಇನ್ನೂ ಆರು ಸಲ ಸೋತರು. ಒಂದರಲ್ಲೂ ತೀರ್ಪುಗಾರರ ನಡುವೆ ಭಿನ್ನಾಭಿಪ್ರಾಯ ಬರಲಿಲ್ಲ.