ತರಬೇತಿ ವಿಮಾನದ ವಾರಸುದಾರರು

ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ಸೈನ್ಯದ ತರಬೇತಿ ವಿಮಾನವೊಂದು ದಾರಿ ತಪ್ಪಿ ಬಂದು ಸಂಸೆಯ ಹತ್ತಿರ ಬಿದ್ದಿತು. ಬಿದ್ದದ್ದು ಕಾಫಿ ಒಣಗಿಸುವ ಕಣದ ಮೇಲೆ. ಪೈಲಟ್ಟು ಬದುಕಿಕೊಂಡ. ಒಂದು ವಾರ ಅಕ್ಕಿರೊಟ್ಟಿ ತಿಂದು, ಕಾಲು ತುಂಬ ಜಿಗಣೆ ಕಚ್ಚಿಸಿಕೊಂಡು, ಎತ್ತಿನಗಾಡಿಯಲ್ಲಿ ವಾಪಸು ಹೋದ. ಎಂಜಿನ್ನನ್ನು ಸೈನ್ಯದವರು ಬಂದು ಒಯ್ದರು. ರೆಕ್ಕೆಗೆ ಬಿಗಿದಿದ್ದ ಬಟ್ಟೆಯನ್ನು ತೋಟದ ಹೆಣ್ಣಾಳುಗಳು ಬಿಚ್ಚಿಕೊಂಡು ಹಣ್ಣು ಕೊಯ್ಯುವ ಚೀಲ ಹೊಲಿದುಕೊಂಡರು. ಒಳ್ಳೆಯ ಬಟ್ಟೆ, ಬಹಳ ವರ್ಷ ಬಾಳಿಕೆ ಬಂತು. ಆಮೇಲೆ ಆ ವಿಮಾನದ ಬಗ್ಗೆ ಯಾರಿಗೂ ಯಾವ ತಕರಾರೂ ಇರಲಿಲ್ಲ.

ಹೋದ ವರ್ಷ ಈ ವಿಷಯ ಸರ್ಕಾರಕ್ಕೆ ಗೊತ್ತಾಯಿತು.

ಆ ಹೊತ್ತಿಗೆ ಚಿಕ್ಕಮಗಳೂರಿನಲ್ಲಿ ಯುದ್ಧಸ್ಮೃತಿ ಪ್ರಾಧಿಕಾರ ಎಂಬ ಹೊಸ ಕಚೇರಿ ತೆರೆದಿತ್ತು. ಕಚೇರಿಗೆ ಕುರ್ಚಿ ಬಂದಿತ್ತು, ಜೀಪು ಬಂದಿತ್ತು, ಅನುದಾನವೂ ಬಂದಿತ್ತು. ಜಿಲ್ಲೆಯಲ್ಲಿ ಯುದ್ಧ ಮಾತ್ರ ನಡೆದಿರಲಿಲ್ಲ. ಆದ್ದರಿಂದ ಅಧಿಕಾರಿ ಜಯಪ್ರಕಾಶ್ ಅವರು ಬೆಳಗ್ಗೆ ಬಂದು, ಸಂಜೆಯವರೆಗೆ ಕೂತು, ಅನುದಾನ ವಾಪಸು ಹೋಗುವ ದಿನವನ್ನು ನೆನೆದು ಬೆವರುತ್ತಿದ್ದರು. ವಿಮಾನ ಬಿದ್ದಿತ್ತು ಎಂದು ಕೇಳಿದಾಗ ಅವರಿಗಾದ ಸಂತೋಷ ಇಷ್ಟಿಷ್ಟಲ್ಲ.

ವಿಮಾನ ಬಿದ್ದ ಜಾಗವನ್ನು ಸರ್ಕಾರ ವಶಪಡಿಸಿಕೊಂಡು ಅಲ್ಲಿ 'ವಿಮಾನ ಸ್ಮೃತಿವನ' ಮಾಡುವುದು ಎಂದು ತೀರ್ಮಾನವಾಯಿತು. ವನ ಎಂದರೆ ವಾಹನ ನಿಲುಗಡೆ, ಶೌಚಾಲಯ, ಸೆಲ್ಫಿ ತೆಗೆದುಕೊಳ್ಳಲು ಒಂದು ಕಟ್ಟೆ. ಸ್ಥಳೀಯ ಸಮಿತಿಗೆ ಸಾಹುಕಾರ್ ಓಂಕಾರಪ್ಪನವರನ್ನು ಅಧ್ಯಕ್ಷರನ್ನಾಗಿ ಮಾಡಲಾಯಿತು. ವಿಮಾನ ಬಿದ್ದ ಕಣ ಓಂಕಾರಪ್ಪನವರ ಅಜ್ಜನದು. ಈಗಲೂ ಅವರದೇ. ಸುತ್ತ ಅವರ ಒಳ್ಳೆಯ ಅರೇಬಿಕಾ ಇದೆ. ಊರಿಗೆಲ್ಲ ಇದು ಗೊತ್ತಿದ್ದ ಮಾತು. ಮೊದಲ ಸಭೆಯಲ್ಲಿ ಓಂಕಾರಪ್ಪನವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ವಿಮಾನ ಬಿದ್ದದ್ದು ಭಾಗಮ್ಮನ ಮನೆ ಇರುವ ಜಾಗದಲ್ಲಿ ಎಂದು ಹೇಳಿದರು.

ಭಾಗಮ್ಮನ ಮನೆ ಸಂಸೆ ರಸ್ತೆಯ ತಿರುವಿನಲ್ಲಿದೆ. ಮುಂದಿನ ಅರ್ಧ ಹೋಟೆಲು, ಹಿಂದಿನ ಅರ್ಧ ಸಂಸಾರ. ಓಂಕಾರಪ್ಪನವರ ತೋಟದಲ್ಲೇ ಹಣ್ಣು ಕೊಯ್ದು, ಗಂಡ ಸತ್ತ ಮೇಲೆ ಒಲೆ ಹಚ್ಚಿ ದೋಸೆ ಹುಯ್ದು, ಒಂದೊಂದೇ ಕಲ್ಲು ತಂದು ಆಕೆ ಕಟ್ಟಿಸಿದ ಮನೆ. ಅದರ ಹಿಂದೆಯೇ ಓಂಕಾರಪ್ಪನವರ ಹೊಸ ಹೋಂಸ್ಟೇ. ಬೆಂಗಳೂರಿನಿಂದ ಬರುವ ಕಾರುಗಳಿಗೆ ನಿಲ್ಲಲು ಜಾಗ ಇಲ್ಲದೆ ಅವರು ಆ ಮನೆಯನ್ನು ಹಿಂದೆ ಎರಡು ಸಲ ಕೇಳಿದ್ದರು. ಆಕೆ ಎರಡು ಸಲವೂ ಕಾಫಿ ಕೊಟ್ಟು ಕಳಿಸಿದ್ದಳು. ಈಗ ಅವರು ಕೇಳಬೇಕಾದ ಅಗತ್ಯ ಬೀಳಲಿಲ್ಲ. ವಿಮಾನವೇ ಬಿದ್ದಿತು.

ಆದರೆ ಕಾನೂನಿಗೆ ಆಧಾರ ಬೇಕು. ಪ್ರಾಧಿಕಾರವು ಎಲ್ಲಾ ಪಂಚಾಯಿತಿಗಳ ಗೋಡೆಗೆ ಹೀಗೊಂದು ಪ್ರಕಟಣೆ ಅಂಟಿಸಿತು:

"ಯುದ್ಧಕಾಲದ ತರಬೇತಿ ವಿಮಾನದ ಹಳೆಯ ಛಾಯಾಚಿತ್ರಗಳನ್ನು ಹೊಂದಿರುವ ಸಾರ್ವಜನಿಕರು ಅವುಗಳನ್ನು ಕೂಡಲೇ ಹಾಜರುಪಡಿಸತಕ್ಕದ್ದು. ಛಾಯಾಚಿತ್ರದಲ್ಲಿ ವಿಮಾನವು ಕಾಣುವಂತಿರತಕ್ಕದ್ದು. ಛಾಯಾಚಿತ್ರವು ಹಳೆಯದಾಗಿರತಕ್ಕದ್ದು. ಹೊಸ ಛಾಯಾಚಿತ್ರಗಳನ್ನು ಹಳೆಯವಾದ ನಂತರ ಸಲ್ಲಿಸುವುದು."

ಪ್ರತಿಕ್ರಿಯೆ ಬಹಳ ಚೆನ್ನಾಗಿ ಬಂತು. ಮೂಡಿಗೆರೆಯಿಂದ ಬಂತು, ವಸ್ತಾರೆಯಿಂದ ಬಂತು, ಕಳಸದ ಸುತ್ತಿನ ಎಲ್ಲಾ ದೊಡ್ಡ ಮನೆಗಳಿಂದ ಬಂತು. ಕಟ್ಟು ಹಾಕಿದ ಫೋಟೋಗಳನ್ನು ಗೋಡೆಯಿಂದ ಇಳಿಸಿ, ಜೇಡರಬಲೆ ಒರೆಸಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತಂದರು.

ಇಲ್ಲಿ ಒಂದು ಮಾತು ಹೇಳಬೇಕು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಕೊಟ್ಟಿಗೆಹಾರದಲ್ಲಿ ಒಂದು ಫೋಟೋ ಸ್ಟುಡಿಯೋ ಶುರುವಾಗಿತ್ತು. ಅಲ್ಲಿ ಹಲಗೆಯಿಂದ ಮಾಡಿದ ಒಂದು ವಿಮಾನ ಇತ್ತು. ವಿಮಾನ ಎಂದರೆ ಮುಂಭಾಗ ಮಾತ್ರ. ಹಿಂದೆ ಒಂದು ಸ್ಟೂಲು. ಅದರ ಹಿಂದೆ ಮೋಡ ಮತ್ತು ಚಂದ್ರನನ್ನು ಬರೆದ ಪರದೆ. ಮದುವೆಯಾದ ವರ್ಷ ಗಂಡುಹೆಣ್ಣು ಆ ಸ್ಟೂಲಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವುದು ಅನುಕೂಲಸ್ಥರ ಮನೆಗಳಲ್ಲಿ ಪದ್ಧತಿಯೇ ಆಗಿತ್ತು. ಅವರ ಜೊತೆಗೆ ಹೋದ ಹಿರಿಯರೂ ಮಕ್ಕಳೊಂದಿಗರೂ ಒಮ್ಮೊಮ್ಮೆ ಕೂತು ಏಳುತ್ತಿದ್ದರು. ಫೋಟೋ ಇಲ್ಲದ ಮದುವೆಯನ್ನು ಬೀಗರು ಅರ್ಧ ಮದುವೆ ಎನ್ನುತ್ತಿದ್ದರು. ಹೀಗಾಗಿ ಬಂದ ಫೋಟೋಗಳಲ್ಲೆಲ್ಲ ಒಂದೇ ವಿಮಾನ, ಒಂದೇ ಚಂದ್ರ, ಕೆಳಗೆ ಒಂದೇ ಹೂವಿನ ಕುಂಡ.

ಜಯಪ್ರಕಾಶ್ ಅವರು ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಭೂತಗನ್ನಡಿ ಹಿಡಿದು ನೋಡಿದರು.

"ಪ್ರೊಪೆಲ್ಲರ್ ಬಿರುಕು ಬಿಟ್ಟಿದೆ ನೋಡಿ" ಎಂದರು. "ಎಲ್ಲಾ ಫೋಟೋದಲ್ಲೂ ಅದೇ ಬಿರುಕು. ಅಂದರೆ ಇದು ಒಂದೇ ವಿಮಾನ. ಸಾಕ್ಷ್ಯ ಇಷ್ಟು ಗಟ್ಟಿಯಾಗಿ ಸಿಗೋದು ಅಪರೂಪ."

"ಅಷ್ಟು ಜನ ಹೆಂಗೆ ಹತ್ತಿದ್ರು ಸರ್ ಅದಕ್ಕೆ?" ಎಂದು ಗುಮಾಸ್ತ ಕೇಳಿದ.

"ತರಬೇತಿ ವಿಮಾನ ಕಣಯ್ಯ. ತರಬೇತಿ ಕೊಟ್ಟಿದ್ದಾರೆ."

ಈ ವಿವರಣೆ ಎಲ್ಲರಿಗೂ ಒಪ್ಪಿಗೆಯಾಯಿತು. ಸೆರಗು ಹೊದ್ದ ಅಜ್ಜಿಯರು, ಮಡಿಲಲ್ಲಿ ಮಗುವಿದ್ದ ತಾಯಂದಿರು, ಪೇಟ ಸುತ್ತಿದ ಪಟೇಲರು ಎಲ್ಲರೂ ವೈಮಾನಿಕ ತರಬೇತಿ ಪಡೆದವರೆಂದು ದಾಖಲಾದರು. ಅವರ ಕುಟುಂಬಗಳನ್ನು 'ವಿಮಾನ ವಾರಸುದಾರರು' ಎಂದು ಘೋಷಿಸಲಾಯಿತು. ಓಂಕಾರಪ್ಪನವರ ಅಜ್ಜ ಅಜ್ಜಿಯ ಫೋಟೋವನ್ನು ಮುಖ್ಯ ಪೈಲಟ್ ಮತ್ತು ಸಹಪೈಲಟ್ ಎಂದು ಕಚೇರಿಯ ಗೋಡೆಗೆ ಹಾಕಿದರು. ಜೊತೆಗೆ ಒಂದು ನಿಯಮವೂ ಹೊರಬಿತ್ತು: ವಿಮಾನದ ಒಳಗಿದ್ದವರು ಅದೇ ಕಾಲಕ್ಕೆ ವಿಮಾನದ ಕೆಳಗೆ ಇರಲು ಸಾಧ್ಯವಿಲ್ಲವಾದ್ದರಿಂದ, ವಾರಸುದಾರರ ಜಮೀನಿನ ಮೇಲೆ ವಿಮಾನ ಬಿದ್ದಿಲ್ಲವೆಂದು ಭಾವಿಸತಕ್ಕದ್ದು.

ಆ ಕಾಲದಲ್ಲಿ ಕೂಲಿಯವರು ಸ್ಟುಡಿಯೋಗೆ ಹೋಗುತ್ತಿರಲಿಲ್ಲ. ಭಾಗಮ್ಮನ ಮನೆಯ ಯಾರೂ ವಿಮಾನದಲ್ಲಿ ಕೂತಿರಲಿಲ್ಲ. ಮನೆ ಖಾಲಿ ಮಾಡಲು ಆಕೆಗೆ ನೋಟಿಸು ಬಂತು.

ಆದರೆ ಆಕೆಯ ಹತ್ತಿರ ಬೇರೆ ಒಂದು ಫೋಟೋ ಇತ್ತು. ಅತ್ತೆಯ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿ. ವಿಮಾನ ಬಿದ್ದ ದಿನ ಪಕ್ಕದ ಎಸ್ಟೇಟಿನ ಬಿಳಿಯ ಮ್ಯಾನೇಜರ್ ತೆಗೆದದ್ದು. ಮೂಗು ನೆಲಕ್ಕೆ ಊರಿ, ಬಾಲ ಮೇಲೆತ್ತಿ ನಿಂತ ವಿಮಾನ. ಸುತ್ತ ಕಲ್ಲುಹಾಸಿನ ಕಣ, ಹಿಂದೆ ಓಂಕಾರಪ್ಪನವರ ಅಜ್ಜನ ಹೆಸರು ಕೆತ್ತಿದ ಕಮಾನು. ಮುಂದೆ ಮಳೆಗೆ ಎಲೆಯ ಗೊರಬು ಹೊದ್ದ ಹೆಣ್ಣಾಳುಗಳು, ಅದರಲ್ಲಿ ಒಬ್ಬಳು ಭಾಗಮ್ಮನ ಅತ್ತೆ. ಭಾಗಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋದಳು.

ಜಯಪ್ರಕಾಶ್ ಅವರು ಫೋಟೋವನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಹಿಡಿದು ನೋಡಿದರು.

"ಇದರಲ್ಲಿ ವಿಮಾನ ಎಲ್ಲಿದೆ?"

"ಅದೇ ಸರ್, ಮೂಗು ಊರಿ ನಿಂತಿದೆಯಲ್ಲ."

"ವಿಮಾನದ ಹಾಗೆ ಕಾಣಲ್ವಲ್ಲಮ್ಮ."

"ಬಿದ್ದ ಮೇಲೆ ತೆಗೆದದ್ದು ಸರ್. ಬಿದ್ದದ್ದು ಬಿದ್ದ ಹಾಗೇ ಕಾಣ್ತದೆ."

"ಉಳಿದ ಎಲ್ಲಾ ಫೋಟೋದಲ್ಲೂ ಹಾರ್ತಾ ಇದೆ. ಮೋಡ ಇದೆ, ಚಂದ್ರ ಇದಾನೆ. ಇದರಲ್ಲಿ ಚಂದ್ರ ಎಲ್ಲಿ?"

"ಹಗಲು ಹೊತ್ತು ಸರ್."

"ಅಲ್ಲದೆ ಇದರಲ್ಲಿ ಜವಾಬ್ದಾರಿ ಇರೋ ಮನುಷ್ಯ ಒಬ್ಬನೂ ಇಲ್ಲ. ಬರೀ ಆಳುಗಳು. ಯಾರನ್ನ ನಂಬಿ ನಾನು ಷರಾ ಬರೀಲಿ?"

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಓಂಕಾರಪ್ಪನವರು ತಮ್ಮ ಅಜ್ಜನ ಕಮಾನನ್ನು ಭೂತಗನ್ನಡಿಯಲ್ಲಿ ನೋಡಿ, ಇಂಥ ಕಮಾನು ಮಲೆನಾಡಿನಲ್ಲಿ ಸಾವಿರ ಇವೆ ಎಂದರು. ಜಯಪ್ರಕಾಶ್ ಅವರು ಫೋಟೋದ ಹಿಂದೆ 'ಗುರುತಿಸಲಾಗದ ವಸ್ತು ಮತ್ತು ಮಹಿಳೆಯರು' ಎಂದು ಬರೆದು ಮೊಹರು ಒತ್ತಿ ಕಡತಕ್ಕೆ ಸೇರಿಸಿದರು.

ಭಾಗಮ್ಮ ಅಲ್ಲಿ ಅಳಲಿಲ್ಲ. ಅಳುವುದಕ್ಕೆ ಬಸ್ಸಿನಲ್ಲಿ ಬೇಕಾದಷ್ಟು ಹೊತ್ತಿತ್ತು, ಅಲ್ಲೂ ಅಳಲಿಲ್ಲ. ಕೊಟ್ಟಿಗೆಹಾರದಲ್ಲಿ ಇಳಿದಳು. ಹಳೆಯ ಸ್ಟುಡಿಯೋ ಈಗ ಮೊಬೈಲ್ ಅಂಗಡಿ. ಅದರ ಮಾಲೀಕ ನಿಂಗಯ್ಯ ಸ್ಟುಡಿಯೋ ಇಟ್ಟವನ ಮಗ.

"ನಿಂಗಯ್ಯಣ್ಣ, ನಿಮ್ಮಪ್ಪನ ವಿಮಾನ ಎಲ್ಲಿ?"

"ಅಟ್ಟದ ಮೇಲೆ ಉಂಟು ಮಾರಾಯ್ತಿ. ಹೆಗ್ಗಣ ಮರಿ ಹಾಕಿದೆ. ಎಂಥಕ್ಕೆ?"

"ನಾನು ಯುದ್ಧಕ್ಕೆ ಹೋಗಬೇಕು."

ನಿಂಗಯ್ಯ ಆಕೆಯ ಮುಖ ನೋಡಿದ. ಆಮೇಲೆ ಏಣಿ ತಂದ. ಇಬ್ಬರೂ ಸೇರಿ ವಿಮಾನ ಇಳಿಸಿ, ಪರದೆ ಕೊಡವಿ, ಕುಂಡ ಒರೆಸಿದರು. ಭಾಗಮ್ಮ ಸ್ಟೂಲಿನ ಮೇಲೆ ಕೂತಳು.

"ಸ್ವಲ್ಪ ನಗು."

"ಯುದ್ಧದಲ್ಲಿ ನಗ್ತಾರಾ?"

ಫೋಟೋ ಕಪ್ಪುಬಿಳುಪಿನಲ್ಲಿ ಬಂತು. ಭಾಗಮ್ಮ ಅದನ್ನು ಮನೆಗೆ ತಂದು ತೆಳ್ಳನೆಯ ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ, ಒಲೆಯ ಮೇಲಿನ ಹೊಗೆಗೆ ನೇತುಹಾಕಿದಳು. ಮೂರನೇ ದಿನಕ್ಕೆ ಅದು ಯಾವ ಸಾಹುಕಾರರ ಮನೆಯ ಫೋಟೋಗೂ ಕಡಿಮೆಯಿಲ್ಲದಷ್ಟು ಹಳೆಯದಾಯಿತು. ಪ್ರಕಟಣೆಯ ಪ್ರಕಾರ ಹೊಸದು ಹಳೆಯದಾದ ನಂತರವೇ ಆಕೆ ಅದನ್ನು ಸಲ್ಲಿಸಿದಳು.

"ಇದು ಯಾರು?" ಜಯಪ್ರಕಾಶ್ ಕೇಳಿದರು.

"ನಮ್ಮಜ್ಜಿ ಸರ್."

"ನಿಮ್ಮ ಹಾಗೇ ಇದಾರೆ."

"ಸಾಹುಕಾರ್ರೂ ಅವರ ಅಜ್ಜನ ಹಾಗೇ ಇದಾರಲ್ಲ ಸರ್, ಗೋಡೆ ಮೇಲೆ ನೋಡಿ."

ಓಂಕಾರಪ್ಪನವರು ಫೋಟೋ ಕಿತ್ತುಕೊಂಡರು. "ಏ ಭಾಗಮ್ಮ, ಇದು ನೀನೇ. ಈ ಸೀರೆ ನಾನು ಕೊಟ್ಟದ್ದು. ಹೋದ ವರ್ಷ ಮಗಳ ಮದುವೇಲಿ, ಹೊಸದು."

"ಹಂಗಾದ್ರೆ ನಮ್ಮಜ್ಜಿ ಉಟ್ಟ ಸೀರೇನ ಹೊಸದು ಅಂತ ಹೇಳಿ ಕೊಟ್ರಾ ಸಾಹುಕಾರ್ರೆ? ಇರಲಿ ಬಿಡಿ. ನಾನೇನೂ ತಪ್ಪು ತಿಳ್ಕೊಳಲ್ಲ."

ಜಯಪ್ರಕಾಶ್ ಅವರು ಭೂತಗನ್ನಡಿ ತೆಗೆದುಕೊಂಡು ಓಂಕಾರಪ್ಪನವರ ಕೈಯಲ್ಲಿದ್ದ ಫೋಟೋದ ಮೇಲೆ ಹಿಡಿದರು. ಪ್ರೊಪೆಲ್ಲರಿನಲ್ಲಿ ಬಿರುಕು ಇತ್ತು. ಚಂದ್ರ ಇದ್ದ. ಕುಂಡವೂ ಇತ್ತು. ಈ ಫೋಟೋ ಸುಳ್ಳಾದರೆ ಗೋಡೆಯ ಮೇಲಿರುವ ಮುಖ್ಯ ಪೈಲಟ್ಟೂ ಸುಳ್ಳಾಗಬೇಕಾಗುತ್ತಿತ್ತು. ಮುಖ್ಯ ಪೈಲಟ್ ಸುಳ್ಳಾದರೆ ಕಡತದ ಆ ಗುರುತಿಸಲಾಗದ ವಸ್ತುವನ್ನು ಮತ್ತೆ ನೋಡಬೇಕಾಗುತ್ತಿತ್ತು, ಅದರ ಹಿಂದಿನ ಕಮಾನನ್ನೂ. ಓಂಕಾರಪ್ಪನವರಿಗೂ ಇದು ಅದೇ ಹೊತ್ತಿಗೆ ಹೊಳೆಯಿತು.

"ಮುಖಲಕ್ಷಣ ವಂಶದಲ್ಲಿ ಬರ್ತದೆ" ಎಂದು ಅವರು ಮೆಲ್ಲಗೆ ಹೇಳಿ ಫೋಟೋ ವಾಪಸು ಕೊಟ್ಟರು.

ಭಾಗಮ್ಮ ವಾರಸುದಾರಳಾದಳು. ನೋಟಿಸು ರದ್ದಾಯಿತು.

ಈಗ ವಿಮಾನ ಬೀಳುವುದಕ್ಕೆ ಬೇರೆ ಜಾಗ ಬೇಕಾಯಿತು. ಭಾಗಮ್ಮನ ಪಕ್ಕದ ಮನೆಯ ಕೃಷ್ಣಮ್ಮನ ಗದ್ದೆಯನ್ನು ಗುರುತಿಸಿದರು. ಕೃಷ್ಣಮ್ಮ ಮರುದಿನವೇ ಕೊಟ್ಟಿಗೆಹಾರಕ್ಕೆ ಹೋಗಿಬಂದು, ಕಾಫಿಯಲ್ಲಿ ಅದ್ದಿದ ಫೋಟೋ ಹಾಜರುಪಡಿಸಿದಳು. ಅವಳ ಆಚೆಯವರನ್ನು ಗುರುತಿಸಿದರು, ಅವರೂ ಹೋಗಿಬಂದರು. ನಿಂಗಯ್ಯ ಮೊಬೈಲ್ ಅಂಗಡಿ ಮುಚ್ಚಿ ಸ್ಟುಡಿಯೋ ಮತ್ತೆ ತೆರೆದ. ಬಸ್ಸಿನವರು ಅಲ್ಲಿ ನಿಲ್ಲಿಸಿ "ವಿಮಾನಕ್ಕೆ ಹೋಗೋರು ಇಳ್ಕೊಳಿ" ಎಂದು ಕೂಗತೊಡಗಿದರು. ಶಾಲೆಯ ಮೈದಾನದ ಪರವಾಗಿ ಮುಖ್ಯೋಪಾಧ್ಯಾಯರು ಕೂತು ಫೋಟೋ ತೆಗೆಸಿಕೊಂಡರು. ಸ್ಮಶಾನದ ಪರವಾಗಿ ಯಾರೂ ಇಲ್ಲದಿದ್ದರಿಂದ ಗುಂಡಿ ತೋಡುವ ಭೂತಯ್ಯ ಹೋಗಿ ಕೂತ. ಕೆಲವು ಫೋಟೋಗಳು ಕಾಫಿಯಲ್ಲಿ ಜಾಸ್ತಿ ಹೊತ್ತು ನೆನೆದು ಮೊದಲನೇ ಮಹಾಯುದ್ಧದಷ್ಟು ಹಳೆಯವಾಗಿದ್ದವು. ಅವನ್ನೂ ಸ್ವೀಕರಿಸಲಾಯಿತು.

ಮಳೆಗಾಲ ಶುರುವಾಗುವ ಮುಂಚೆ ಕೊನೆಯ ಸಭೆ ಸೇರಿತು. ಸಂಸೆಯ ಸುತ್ತ ವಿಮಾನ ಬಿದ್ದಿರಬಹುದಾದ ಒಂದು ಅಂಗೈಯಗಲ ಜಾಗವೂ ಉಳಿದಿರಲಿಲ್ಲ.

"ಹಾಗಾದ್ರೆ ಯೋಜನೆ ಕೈಬಿಟ್ಟು ಅನುದಾನ ವಾಪಸು ಕಳಿಸಬೇಕಾ?" ಎಂದು ಗುಮಾಸ್ತ ಕೇಳಿದ.

ಜಯಪ್ರಕಾಶ್ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ದುಡುಕಬಾರದು. ವಿಮಾನ ಮೇಲೆ ಹಾರಿದ್ದಕ್ಕೆ ನಮ್ಮ ಹತ್ತಿರ ರಾಶಿ ಫೋಟೋ ಇವೆ. ಕೆಳಗೆ ಬಿದ್ದದ್ದಕ್ಕೆ ಒಂದೂ ಇಲ್ಲ. ಇದರಿಂದ ಏನು ತಿಳೀತದೆ?"

ಅವರೇ ಹೇಳಿದರು.

"ಅದು ಇನ್ನೂ ಇಳಿದಿಲ್ಲ."

ಸಭೆ ಇದನ್ನು ಸರ್ವಾನುಮತದಿಂದ ಅಂಗೀಕರಿಸಿತು. ವಿಮಾನ ಇಳಿಯುವವರೆಗೆ ಪ್ರಾಧಿಕಾರದ ಅವಧಿಯನ್ನು ವಿಸ್ತರಿಸಲಾಯಿತು. ಆಕಾಶ ವೀಕ್ಷಣೆಗೆ ಒಂದು ಗೋಪುರ ಮಂಜೂರಾಗಿ, ಅದನ್ನು ಓಂಕಾರಪ್ಪನವರ ಹೋಂಸ್ಟೇಯ ಮಾಳಿಗೆಯ ಮೇಲೆ ಕಟ್ಟಿದರು. ಅತಿಥಿಗಳು ಅಲ್ಲಿ ಕುಡಿಯುತ್ತಾರೆ. ಜಯಪ್ರಕಾಶ್ ಅವರಿಗೆ ಬಡ್ತಿ ಸಿಕ್ಕಿತು. ಸಾರ್ವಜನಿಕರು ಮೋಡದ ದಿನಗಳಲ್ಲಿ ಅಂಗಳದಲ್ಲಿ ಎತ್ತರದ ವಸ್ತುಗಳನ್ನು ಇಡಬಾರದೆಂದೂ, ವಿಮಾನ ಇಳಿದಲ್ಲಿ ಇಳಿದ ಜಾಗದ ಮಾಲೀಕರು ಜಮೀನು ಬಿಟ್ಟುಕೊಟ್ಟು ಸಹಕರಿಸಬೇಕೆಂದೂ ಸೂಚನೆ ಹೊರಟಿತು. ಜನರು ಈ ಸೂಚನೆಯನ್ನು ತಪ್ಪದೆ ಪಾಲಿಸುತ್ತಿದ್ದಾರೆ. ಎರಡು ಮನೆಯವರು ಅಂಗಳದ ತೆಂಗಿನಮರ ಕಡಿಸಿದ್ದಾರೆ.

ಭಾಗಮ್ಮನ ಹೋಟೆಲು ನಡೆಯುತ್ತಿದೆ. ಬೆಳಗಿನ ಬಸ್ಸಿನ ಡ್ರೈವರ್ ಉಮೇಶ ಅಲ್ಲಿ ದೋಸೆ ತಿನ್ನಲು ನಿಲ್ಲಿಸುತ್ತಾನೆ. ಇಳಿದವರೆಲ್ಲ ಮೊದಲು ತಲೆಯೆತ್ತಿ ಮೇಲೆ ನೋಡುತ್ತಾರೆ, ಆಮೇಲೆ ಕೈ ತೊಳೆಯುತ್ತಾರೆ.

"ಇವತ್ತೇನಾದ್ರೂ ಇಳೀಬಹುದಾ ಭಾಗಮ್ಮ?" ಎಂದು ಉಮೇಶ ಕೇಳುತ್ತಾನೆ. ತಮಾಷೆಗಲ್ಲ. ಅವನದೂ ಕಳಸದಲ್ಲಿ ಸ್ವಲ್ಪ ಜಾಗ ಇದೆ.

ಭಾಗಮ್ಮ ಒಲೆ ಬಿಟ್ಟು ಹೊರಗೆ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಕುದುರೆಮುಖದ ಕಡೆಯ ಆಕಾಶವನ್ನು ಗಮನವಿಟ್ಟು ನೋಡುತ್ತಾಳೆ.

"ಇಲ್ಲ ಮಾರಾಯ, ಮೋಡ ಇದೆ. ಇನ್ನೊಂದು ಸುತ್ತು ಹೊಡೀಲಿ."

ಎಲ್ಲರೂ ಸಮಾಧಾನದಿಂದ ಒಳಗೆ ಹೋಗಿ ಕೂರುತ್ತಾರೆ.