ಚಿತ್ರ ಒಂದರಲ್ಲಿ ಹಂಪಮ್ಮ

ಅಂಕಿಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ನಂಬಿಕೆಯಿತ್ತು. ಮನುಷ್ಯರು ಕೂರಿಸಿದಲ್ಲಿ ಕೂರುವುದಿಲ್ಲ, ಚಪ್ಪಲಿ ಬಿಟ್ಟಲ್ಲಿ ಇರುವುದಿಲ್ಲ, ಆದರೆ ಒಂದು ಎಂದು ಬರೆದಿಟ್ಟರೆ ಅದು ಒಂದಾಗಿಯೇ ಉಳಿಯುತ್ತದೆ ಎಂಬ ನಂಬಿಕೆ. ಕಂಪ್ಯೂಟರಿನಲ್ಲಿ ಪುಸ್ತಕ ಬರೆಯಲು ಕೂತ ಮೇಲೆ ಅದೂ ಹೋಯಿತು.

ಆಗ ನಾನು ಬಳ್ಳಾರಿಯ ಗಾಂಧಿನಗರದಿಂದ ದಿನಾ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಊರಿಗೆ ಊರೇ ಅದಿರಿನ ಹಿಂದೆ ಬಿದ್ದಿದ್ದ ಕಾಲ. ಸ್ಟಾಫ್ ರೂಮಿನಲ್ಲೂ ಲಾರಿ ಟೈರಿನದೇ ಮಾತು. ನಾನೊಬ್ಬ ಮಾತ್ರ ಕುರುಗೋಡಿನ ಗುಡ್ಡ ಸುತ್ತುತ್ತ, ಕಬ್ಬಿಣವೇ ಇಲ್ಲದ ಕಲ್ಲುಗಳನ್ನು ಹುಡುಕುತ್ತಿದ್ದೆ. "ಎಲ್ಲಾರೂ ಕಲ್ಲು ಮಾರಿ ಮನಿ ಕಟ್ಟಿಸ್ಯಾರ. ನೀವು ಕಲ್ಲಿನ ಫೋಟೋ ತಕ್ಕೊಂಡು ಬರ್ತೀರಿ" ಎಂದು ಹೆಂಡತಿ ಚಹಾ ಕೊಡುವಾಗಲೆಲ್ಲ ನೆನಪಿಸುತ್ತಿದ್ದಳು. ಫೋಟೋ ತೆಗೆದವನು ನಾನಲ್ಲ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಮೌಲಾಲಿ. ಅವನ ಎಂಟು ಚಿತ್ರಗಳು, ನನ್ನ ಬರವಣಿಗೆ ಸೇರಿ ಒಂದು ಸಣ್ಣ ಪುಸ್ತಕವಾಯಿತು. ಅಚ್ಚು ಹಾಕಿಸುವವರು ಮಾತ್ರ ಇರಲಿಲ್ಲ.

ಕೊನೆಗೆ ಒಪ್ಪಿದವರು ಸಿರುಗುಪ್ಪದ ಶೇಖರಗೌಡರು. ಅಕ್ಕಿ ಗಿರಣಿಯವರು. ಗಿರಣಿಯ ಅಂಗಳದಲ್ಲಿ ಆಗ ಭತ್ತದ ಚೀಲಕ್ಕಿಂತ ಅದಿರಿನ ಲಾರಿಗಳೇ ಹೆಚ್ಚು ನಿಂತಿರುತ್ತಿದ್ದವು. ಅವರದು ಒಂದೇ ಷರತ್ತು. "ನಮ್ಮವ್ವನ ತವರುಮನಿ ಕುರುಗೋಡ್ರಿ. ಮೊದಲ್ನೇ ಪುಟದಾಗ ಅವ್ವನ ಫೋಟೋ ಹಾಕ್ರಿ." ಇಷ್ಟಕ್ಕೆ ಯಾರು ಬೇಡ ಎನ್ನುತ್ತಾರೆ? ಕುರ್ಚಿಯ ಮೇಲೆ ನೆಟ್ಟಗೆ ಕುಳಿತ ಹಂಪಮ್ಮನವರ ಚಿತ್ರವನ್ನು ಮೊದಲಲ್ಲಿ ಸೇರಿಸಿ, ಕೆಳಗೆ ಹೆಸರು ಹಾಕಿದೆ. ಕಂಪ್ಯೂಟರು ತಾನಾಗಿಯೇ 'ಚಿತ್ರ 1' ಎಂದು ಬರೆದುಕೊಂಡಿತು. ಎಷ್ಟು ವಿನಯದ ಯಂತ್ರ ಎಂದು ಮೆಚ್ಚಿಕೊಂಡು, ಕರಡು ಪ್ರತಿಯನ್ನು ಗೌಡರಿಗೆ ಕಳಿಸಿದೆ.

ಮರುದಿನವೇ ಫೋನು. "ಸರ, ಸ್ವಲ್ಪ ಮನಿಗೆ ಬಂದು ಹೋಗ್ರಿ." ದನಿಯಲ್ಲಿ ಸಿಟ್ಟೂ ಇಲ್ಲ, ಸಂತೋಷವೂ ಇಲ್ಲ. ಧೈರ್ಯಕ್ಕೆ ಮೌಲಾಲಿಯನ್ನು ಕರೆದುಕೊಂಡು ಹೋದೆ. ಹಂಪಮ್ಮ ಮಂಚದ ಮೇಲೆ ಕೂತಿದ್ದರು. ಅವರಿಗೆ ಓದು ಬಾರದು, ಮಗನೇ ಓದಿ ಹೇಳಿದ್ದರಂತೆ. ಗೌಡರು ಈಗ ನಮ್ಮೆದುರು ಮತ್ತೆ ಓದಿದರು: "ಚಿತ್ರ 1ರಲ್ಲಿ ಕಾಣುವ ಈ ಮೂರ್ತಿಯ ಮೂಗು ಮುರಿದಿದೆ. ಆದರೂ ಕುಳಿತ ಭಂಗಿಯಲ್ಲಿ ಒಂದು ದರ್ಪವಿದೆ. ಇದನ್ನು ಜಾಗದಿಂದ ಕದಲಿಸಲು ಊರವರು ಮಾಡಿದ ಪ್ರಯತ್ನಗಳಾವುವೂ ಫಲಿಸಿಲ್ಲ."

ಗುಡ್ಡದ ಮೇಲಿನ ಕಲ್ಲಿನ ಮೂರ್ತಿಗೆ ಬರೆದದ್ದು ಗೌಡರ ತಾಯಿಗೆ ಅಂಟಿಕೊಂಡಿತ್ತು. ಪುಸ್ತಕವಂತೂ ಹೋಯಿತು, ಇಲ್ಲಿಂದ ಮರ್ಯಾದೆಯಾಗಿ ಹೊರಗೆ ಹೋದರೆ ಸಾಕು ಎಂದುಕೊಂಡೆ. ಹಂಪಮ್ಮ ಮೂಗು ಮುಟ್ಟಿ ನೋಡಿಕೊಂಡರು. "ಮೂಗು ನೆಟ್ಟಗೇ ಐತೆಪ್ಪ. ಉಳಿದದ್ದು ಖರೇನ ಬರದಾನ."

ಗೌಡರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಸರಿ ಮಾಡಿ ತರ್ರಿ" ಎಂದರು.

ಬಸ್ಸಿನಲ್ಲಿ ಮೌಲಾಲಿ ವಿವರಿಸಿದ. ಚಿತ್ರದ ಕೆಳಗಿನ ಅಂಕಿ ಯಂತ್ರ ಹಾಕಿದ್ದು, ಹೊಸ ಚಿತ್ರ ಬಂದರೆ ಮುಂದೆ ಸರಿಯುತ್ತದೆ. ಬರವಣಿಗೆಯೊಳಗಿನ ಅಂಕಿ ನಾನು ಕೈಯಾರೆ ಒತ್ತಿದ್ದು, ಅದು ಸರಿಯುವುದಿಲ್ಲ. ನಾನು ತಲೆಯಾಡಿಸಿದೆ. ಅರ್ಥವಾಗದಿದ್ದಾಗ ನಾನು ಹೆಚ್ಚು ತಲೆಯಾಡಿಸುತ್ತೇನೆ, ನನ್ನ ವಿದ್ಯಾರ್ಥಿಗಳಿಂದ ಕಲಿತದ್ದು. ಮನೆಗೆ ಬಂದವನೇ ಉಪಾಯ ಹೂಡಿದೆ. ಪುಸ್ತಕದ ತುಂಬ ಇರುವ ಒಂದನ್ನೆಲ್ಲ ಎರಡು ಮಾಡು ಎಂದೆ, ಮಾಡಿತು. ಎರಡನ್ನೆಲ್ಲ ಮೂರು ಮಾಡು ಎಂದೆ, ಈಗಷ್ಟೇ ಎರಡಾದವನ್ನೂ ಸೇರಿಸಿಕೊಂಡು ಮಾಡಿತು. ಹಿಂದಿರುಗಿ ನೋಡದೆ ಎಂಟರವರೆಗೆ ಹೋದೆ. ಕಡೆಗೆ ನೋಡಿದರೆ ಎಲ್ಲ ಕಲ್ಲುಗಳೂ ಚಿತ್ರ 9. ಸಾಲದ್ದಕ್ಕೆ 12ನೇ ಶತಮಾನದ ಶಾಸನವೊಂದು 99ನೇ ಶತಮಾನಕ್ಕೆ ಹೋಗಿ ಕೂತಿತ್ತು. ಇತಿಹಾಸದ ಮೇಷ್ಟ್ರು ಭವಿಷ್ಯ ಹೇಳಿದಂತಾಯಿತು.

"ಸರ, ಇನ್ನ ಮ್ಯಾಲೆ ಮುಟ್ಟಬ್ಯಾಡ್ರಿ" ಎಂದ ಮರುದಿನ ಬಂದು ನೋಡಿದ ಮೌಲಾಲಿ. ಅವನ ಬಳಿ ಹಳೆಯ ಪ್ರತಿ ಇತ್ತು. ಹಂಪಮ್ಮನವರ ಚಿತ್ರದ ಕೆಳಗೆ ಬರೀ ಹೆಸರು ಉಳಿಸಿ ಅಂಕಿ ತೆಗೆದದ್ದೇ ತಡ, ಕಲ್ಲುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಹೇಗೆ ಎಂದು ನಾನು ಕೇಳಲಿಲ್ಲ.

ತಿದ್ದಿದ ಪ್ರತಿಯನ್ನು ಗೌಡರು ನಮ್ಮೆದುರೇ ತಾಯಿಗೆ ಓದಿದರು. ಮುಗಿದ ಮೇಲೂ ಆಕೆ ಕಾಯುತ್ತಲೇ ಇದ್ದರು. "ನನ್ನ ಸುದ್ದಿ ಎಲ್ಲೈತಿ?"

"ಅದು ತಪ್ಪಾಗಿ ಬಂದಿತ್ತವ್ವಾ" ಎಂದೆ.

"ಏನ್ ತಪ್ಪು? ಇಷ್ಟ್ ವರ್ಸ ಆತು, ನನ್ನ ಬಗ್ಗಿ ಯಾರು ಏನ್ ಬರದಾರ? ಅತ್ತಿಮನ್ಯಾಗ ನನ್ನ ಕದಲಿಸಾಕ ಎಷ್ಟ್ ಮಂದಿ ನೋಡಿದ್ರು, ನಿನಗ ಹೆಂಗ ಗೊತ್ತಾತು ಅಂತ ನಾ ಅನ್ಕೊಂಡಿದ್ದೆ. ತೆಗೀಬ್ಯಾಡ."

ಗೌಡರು ನೆಲ ನೋಡಿದರು. ಮೌಲಾಲಿ ನನ್ನನ್ನು ನೋಡಿದ. ದರ್ಪ, ಕದಲದಿರುವುದು ಎರಡನ್ನೂ ಹಂಪಮ್ಮನವರಿಗೆ ಬಿಟ್ಟುಕೊಟ್ಟು, ಮುರಿದ ಮೂಗನ್ನು ಮಾತ್ರ ಮೂರ್ತಿಗೇ ಉಳಿಸಿದೆ. ಆದರೆ ಮೂರ್ತಿಗೆ ಹೊಸದಾಗಿ ಬರೆಯಲು ಕೂತರೆ, ಮೂಗು ಮುರಿದಿದೆ ಎಂಬುದರಾಚೆ ನನಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. 'ಹೆಚ್ಚಿನ ಅಧ್ಯಯನ ನಡೆಯಬೇಕಿದೆ' ಎಂದು ಸೇರಿಸಿದೆ. ಪುಸ್ತಕ ಓದಿದವರು ಈಗಲೂ ಆ ಅಧ್ಯಯನ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಾರೆ. ನಡೀತಾ ಐತಿ ಎಂದು ಹೇಳಿ ತಲೆಯಾಡಿಸುತ್ತೇನೆ.