ಸ್ಕ್ರೂಡ್ರೈವರಿನಲ್ಲಿ ಕೇಳಿದ ಹಾಡು

1963ರಲ್ಲಿ, ಎಂಟನೇ ತರಗತಿಯ ಅರ್ಧದಲ್ಲಿ, ನಾನು ಓದು ಬಿಟ್ಟೆ. ಓದೇ ನನ್ನನ್ನು ಬಿಟ್ಟಿತೆಂದು ಕೆಲವರು ಹೇಳುವುದುಂಟು. ಅವರ ತೋಟದ ಮೋಟಾರೂ ನನ್ನ ಅಂಗಡಿಗೇ ಬರಬೇಕಾದ್ದರಿಂದ ನಾನು ತಲೆ ಕೆಡಿಸಿಕೊಂಡಿಲ್ಲ. ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ರಿಪೇರಿ ಮಾಡುವ ನನಗೆ ಬಂಡವಾಳವೆಂದರೆ ಬಲಗಿವಿ. ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರೆ ಸಾಕು, ಒಳಗಿನ ಬೇರಿಂಗ್ ತನ್ನ ಕಷ್ಟಸುಖವನ್ನೆಲ್ಲ ಹೇಳಿಬಿಡುತ್ತದೆ. ಅಜ್ಜಂಪುರ, ಕಡೂರಿನವರೂ ಹುಡುಕಿಕೊಂಡು ಬರುತ್ತಿದ್ದುದು ಈ ಕಿವಿಯನ್ನೇ. ನಾನು ಸರಿಯೆಂದ ಮೋಟಾರು ಒಂದೂ ವಾಪಸ್ ಬಂದಿರಲಿಲ್ಲ.

ಇಂಥ ಕಿವಿಗೆ 1986ರಲ್ಲಿ ಅವಮಾನವಾಯಿತು. ಮಾಡಿದವನು ಹೊರಗಿನವನಲ್ಲ, ನನ್ನ ಹೆಂಡತಿಯ ತಮ್ಮ ಪ್ರಕಾಶ. ಬೊಂಬಾಯಿಯಿಂದ ರಜೆಗೆ ಬಂದವನು ಟೇಪ್ ರೆಕಾರ್ಡರನ್ನು ಅಂಗಡಿಗೇ ಹೊತ್ತು ತಂದು, "ಕೇಳಿ ಭಾವ, ಅಲ್ಲೆಲ್ಲ ಇದೇ ಹುಚ್ಚು" ಎಂದು ಕ್ಯಾಸೆಟ್ ಹಾಕಿದ.

ಮೊದಲು ಗುಂಯ್ ಎಂದಿತು. ಆಮೇಲೆ ಟಿಕ್ ಟಿಕ್. ಆಮೇಲೆ ಬತ್ತಿದ ಬಾವಿಯಲ್ಲಿ ಪಂಪು ಗಾಳಿ ಎಳೆದ ಹಾಗೆ ಗೊಳಗೊಳ. ಹಾಡುವವರು ಬರುತ್ತಾರೆಂದು ಕಾದೆ, ಬರಲಿಲ್ಲ. ಸ್ಕ್ರೂಡ್ರೈವರ್ ಒತ್ತಿ ಕಿವಿಯಿಟ್ಟೆ.

"ಬೇರಿಂಗ್ ಹೋಗೈತೆ ಕಣೋ."

"ಅಯ್ಯೋ ಭಾವ, ಹಾಡೇ ಹಂಗೆ."

"ನಂಗೇ ಹೇಳ್ಕೊಡ್ತೀಯೇನಲೇ?"

ಬಿಚ್ಚಿದೆ. ಎಣ್ಣೆ ಬಿಟ್ಟೆ, ಬೆಲ್ಟ್ ಬದಲಾಯಿಸಿದೆ, ಮತ್ತೆ ಜೋಡಿಸಿದೆ. ಮೂರು ಸ್ಕ್ರೂ ಉಳಿದವು. ಹಾಕಿದರೆ ಮತ್ತದೇ ಗುಂಯ್!

ಪ್ರಕಾಶ ಹೊಟ್ಟೆ ಹಿಡಿದುಕೊಂಡು ನಕ್ಕ. ಯಾವ ಕ್ಯಾಸೆಟ್ ಕಂಪನಿಯ ಹಂಗೂ ಇಲ್ಲದೆ, ಮೂವರು ಸ್ನೇಹಿತರು ರೂಮಿನಲ್ಲಿ ಕೂತು, ಬರೀ ಕರೆಂಟಿನ ಯಂತ್ರಗಳಿಂದ ಮಾಡಿದ ಸಂಗೀತವಂತೆ ಅದು. ಸಂಗೀತವೆಂದರೆ ಯಾರಾದರೂ ಊದಬೇಕು, ಬಡಿಯಬೇಕು, ಬೆವರಬೇಕು. ಬೆರಳಲ್ಲಿ ಗುಂಡಿ ಒತ್ತಿ ಸುಮ್ಮನೆ ಕೂರುವುದಕ್ಕೆ ಸಂಗೀತವೆಂದು ಹೆಸರೇ? ಯಾವ ಶಬ್ದ ನಿಲ್ಲಿಸೆಂದು ಜನ ನನ್ನ ಕಾಲಿಗೆ ಬೀಳುತ್ತಾರೋ, ಅದೇ ಶಬ್ದವನ್ನು ಬೊಂಬಾಯಿಯವರು ಕಾಸು ಕೊಟ್ಟು ಕೊಳ್ಳುತ್ತಾರಲ್ಲ!

ಅಷ್ಟರಲ್ಲಿ ಪಂಚನಹಳ್ಳಿಯ ರಂಗಪ್ಪ ಎದುರಿನ ಹೋಟೆಲಿನಿಂದ ಓಡಿ ಬಂದ. ನಾಲ್ಕು ದಿನದಿಂದ ಅವನ ಮೋಟಾರು ನನ್ನಲ್ಲಿತ್ತು.

"ಓಡ್ತಲ್ಲಾ ಮೇಸ್ತ್ರಿ, ನನ್ ಮೋಟ್ರು!"

"ಕೇಳಿಸ್ಕೊಂಡೇನೋ ಪ್ರಕಾಶ?" ಎಂದು ನಾನು ಎದೆಯುಬ್ಬಿಸಿದೆ. ಮೋಟಾರೆಂದು ತಿಳಿದದ್ದು ನನ್ನ ಕಿವಿಯೊಂದೇ ಅಲ್ಲವೆಂದಾಯಿತು. ಆದರೆ ಆ ರಂಗಪ್ಪ, ಕ್ಯಾಸೆಟ್ ಎಂದು ತಿಳಿದ ಮೇಲೂ ಅಲ್ಲೇ ಕುಕ್ಕರುಗಾಲಲ್ಲಿ ಕೂತು ತಲೆ ಆಡಿಸತೊಡಗಿದ. ನಿಲ್ಲಿಸಲು ಹೋದರೆ, "ಇರ್ಲಿ ಬಿಡಿ. ಬಾವೀಲಿ ನೀರು ಬಂದಂಗಾಯ್ತದೆ" ಎಂದ. ಸಾಕ್ಷಿಯೇ ಎದುರು ಪಕ್ಷಕ್ಕೆ ಸೇರಿಕೊಂಡ.

ಮರುದಿನ ರಂಗಪ್ಪನ ಮೋಟಾರು ಓಡಿಸಿ ಕಿವಿಗೊಟ್ಟೆ. ಗುಂಯ್, ಟಿಕ್ ಟಿಕ್. ಆ ಟಿಕ್ ಎಷ್ಟು ಸರಿಯಾದ ಜಾಗದಲ್ಲಿ ಬೀಳುತ್ತಿತ್ತೆಂದರೆ, ನನಗರಿವಿಲ್ಲದೆ ಕಾಲು ತಾಳ ಹಾಕಿತು. "ಸರಿಯಾಗೈತೆ, ತಗೊಂಡೋಗು" ಎಂದುಬಿಟ್ಟೆ. ಮೂರನೇ ದಿನ ಮೋಟಾರು ಬಸ್ಸಿನ ಮೇಲೆ ವಾಪಸ್ ಬಂತು.

"ಬೇರಿಂಗ್ ಹೋಗೈತಂತೆ. ನಿಮ್ ಕಿವಿಗೇನಾಯ್ತು ಮೇಸ್ತ್ರಿ?" ಎಂದ ರಂಗಪ್ಪ, ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಅಂಗಡಿ ಒಂದು, ಕಿವಿ ಎರಡು, ರಂಗಪ್ಪನ ಮೋಟಾರಿನಿಂದ ತೆಗೆದ ಹಾಳು ಬೇರಿಂಗ್ ಒಂದು, ಟೇಪ್ ರೆಕಾರ್ಡರಿನ ಸ್ಕ್ರೂ ಮೂರು. ಮತ್ತೆ, ಎಲ್ಲಿ ಕಳೆಯಿತೆಂದು ಪ್ರಕಾಶ ಪ್ರತಿ ಕಾಗದದಲ್ಲೂ ಕೇಳುವ ಆ ಕ್ಯಾಸೆಟ್ಟು, ಒಂದು.